ಕಲಬೆರಕೆಯ ಪೂರಕ ಆಹಾರ ಮತ್ತು ಉದ್ದೀಪನ ಮದ್ದಿನ ನಿಯಮ: ಆಟಗಾರ ಮಕ್ಕಳ ಪಾಲಕರಿಗೆ ತಿಳಿದಿರಬೇಕಾದುದು

ನಮ್ಮ ಗುಂಡುಮಾಲ್, ಮಕ್ತಲ್, ಗದ್ವಾಲ್ ಸೀಮೆಯ ಮಕ್ಕಳು ಓಟದಲ್ಲೋ ಕಬಡ್ಡಿಯಲ್ಲೋ ಮಂಡಲ ಮಟ್ಟವನ್ನು ದಾಟಿದೊಡನೆ ನಮ್ಮ ಬಳಿ ಬಂದು ಕೇಳುವ ಪ್ರಶ್ನೆಯೊಂದಿದೆ: "ಸರ್, ಪ್ರೋಟೀನ್ ಪುಡಿ ತಗೋಬೇಕೇನ್ರಿ?" ಪೊಲೀಸ್ ಮತ್ತು ಸೇನಾ ನೇಮಕಾತಿಗಾಗಿ ನಸುಕಿನಲ್ಲಿ ಓಡುವ ಅಣ್ಣಂದಿರ ಕೈಯಲ್ಲಿ ಅವರು ಆ ಡಬ್ಬಿಯನ್ನು ಕಂಡಿರುತ್ತಾರೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನದು. ಮನೆಯ ಹಿರಿಯರಿಗೆ ಅದನ್ನು ಓದಿ ಹೇಳುವುದು ಆ ಮಗುವೇ. ಇಂಗ್ಲಿಷ್ ಬಲ್ಲವರಿಗೂ ಆ ಬರಹದಿಂದ ಎಲ್ಲವೂ ತಿಳಿಯುವುದಿಲ್ಲ, ಏಕೆಂದರೆ ಬರೆಯದೆ ಬಿಟ್ಟ ವಸ್ತುವೂ ಒಳಗೆ ಇರಬಹುದು.

ಉಡುಪಿ ಜಿಲ್ಲೆಯ ಸಿದ್ದಾಪುರ ಭಾಗದ ಕೃಷಿಕ ಕುಟುಂಬದಿಂದ ಬಂದ ಅಶ್ವಿನಿ ಅಕ್ಕುಂಜಿ ಅವರ ಪ್ರಕರಣವನ್ನು ಇಲ್ಲಿ ವಿವರವಾಗಿ ನೋಡಬೇಕು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4×400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. 2011ರಲ್ಲಿ ಅವರ ಮೂತ್ರದ ಮಾದರಿಯಲ್ಲಿ ಮೆಥಾಂಡೈನೋನ್ ಎಂಬ ನಿಷೇಧಿತ ಸ್ಟೆರಾಯ್ಡ್ ಪತ್ತೆಯಾಯಿತು. ಮನ್‌ದೀಪ್ ಕೌರ್, ಸಿನಿ ಜೋಸ್ ಮೊದಲಾದ ಸಹ ಓಟಗಾರ್ತಿಯರೂ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದರು. ತರಬೇತುದಾರ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಬೇರಿನ ಪೂರಕದಲ್ಲಿ ಆ ಮದ್ದು ಬೆರೆತಿತ್ತು, ತಮಗೆ ಅದರ ಅರಿವಿರಲಿಲ್ಲ ಎಂಬುದು ಅವರ ವಾದವಾಗಿತ್ತು. ತರಬೇತುದಾರರನ್ನು ಹುದ್ದೆಯಿಂದ ತೆಗೆಯಲಾಯಿತು.

ರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯಾದ ನಾಡಾದ ಶಿಸ್ತು ಸಮಿತಿ ಕಲಬೆರಕೆಯ ವಾದವನ್ನು ಪರಿಗಣಿಸಿ 2011ರ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ಒಪ್ಪದೆ ಸ್ವಿಟ್ಜರ್‌ಲೆಂಡಿನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. 2012ರಲ್ಲಿ ಆ ನ್ಯಾಯಾಲಯ ನಿಷೇಧವನ್ನು ಎರಡು ವರ್ಷಗಳಿಗೆ ಏರಿಸಿತು. ಅಂತರರಾಷ್ಟ್ರೀಯ ಮಟ್ಟದ ಅನುಭವವುಳ್ಳ ಓಟಗಾರ್ತಿಯರು ತಾವು ಸೇವಿಸುವುದನ್ನು ತಾವೇ ಪರಿಶೀಲಿಸಬೇಕಿತ್ತು, ತರಬೇತುದಾರರ ಮೇಲಿನ ನಂಬಿಕೆ ಸಾಲದು ಎಂಬುದು ಅದರ ನಿಲುವಿನ ಸಾರ. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಗುರು ಕೊಟ್ಟದ್ದನ್ನು ಪ್ರಶ್ನಿಸದೆ ಸ್ವೀಕರಿಸುವುದೇ ವಿನಯವೆಂದು ಮಕ್ಕಳಿಗೆ ಕಲಿಸುವ ನಾವು, ಅಂದರೆ ಶಿಕ್ಷಕರು, ಈ ತೀರ್ಪನ್ನು ಎರಡು ಬಾರಿ ಓದಬೇಕು.

ಈ ಕಠಿಣತೆಗೆ ಆಧಾರ ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಹಿತೆ. ನಮ್ಮ ದೇಶದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ನಿಗ್ರಹ ಕಾಯ್ದೆ ನಾಡಾಕ್ಕೆ ಶಾಸನದ ಬಲ ನೀಡಿದೆ. ಸಂಹಿತೆಯ ಪ್ರಕಾರ ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕಿದರೆ ಸಾಕು, ಉಲ್ಲಂಘನೆ ನಡೆದಂತೆಯೇ. ಉದ್ದೇಶವಿತ್ತೇ ಇಲ್ಲವೇ ಎಂಬುದು ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವಾಗ ಬರುವ ಮಾತು. 2021ರ ಸಂಹಿತೆಯಲ್ಲಿ ಸ್ಟೆರಾಯ್ಡಿನಂಥ ವಸ್ತುಗಳಿಗೆ ನಾಲ್ಕು ವರ್ಷಗಳವರೆಗೆ ನಿಷೇಧವಿದೆ. ಕಲಬೆರಕೆಯ ಪದಾರ್ಥದಿಂದಲೇ ಬಂತು, ಆಟಗಾರನ ಕಡೆಯಿಂದ ಗಣನೀಯ ತಪ್ಪಿಲ್ಲ ಎಂದು ಸಾಬೀತಾದರೆ ಶಿಕ್ಷೆ ಬರಿಯ ಎಚ್ಚರಿಕೆಯಿಂದ ಎರಡು ವರ್ಷಗಳವರೆಗೆ ಇರಬಹುದು. ಸಾಬೀತುಪಡಿಸುವ ಹೊಣೆ ಆಟಗಾರನದೇ.

ಮದ್ದು ಪುಡಿಯೊಳಗೆ ಸೇರುವುದು ಹೇಗೆ? ಒಂದೇ ಯಂತ್ರದಲ್ಲಿ ಬೇರೆ ಬೇರೆ ಪುಡಿಗಳನ್ನು ತಯಾರಿಸುವಾಗ ಹಿಂದಿನದರ ಶೇಷ ಉಳಿಯಬಹುದು. ಬೇಗ ಪರಿಣಾಮ ಕಾಣಲೆಂದು ಕೆಲವರು ಬೇಕೆಂದೇ ಬೆರೆಸುವುದೂ ಉಂಟು. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯ 13 ದೇಶಗಳಿಂದ 634 ಪೂರಕಗಳನ್ನು ಕೊಂಡು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ 94ರೊಳಗೆ ಲೇಬಲ್ಲಿನಲ್ಲಿ ನಮೂದಿಸದ ಸ್ಟೆರಾಯ್ಡ್‌ಗಳಿದ್ದವು. ಅಂದರೆ ನೂರಕ್ಕೆ ಸುಮಾರು ಹದಿನೈದು.

ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇದ್ದರೆ ಸಾಕಲ್ಲವೇ ಎಂದು ಪಾಲಕರು ಕೇಳುತ್ತಾರೆ. ಆ ಸಂಖ್ಯೆ ಆಹಾರ ವ್ಯಾಪಾರದ ಪರವಾನಗಿಯದು. ಒಳಗಿನ ಪುಡಿಯಲ್ಲಿ ಉದ್ದೀಪನ ಮದ್ದಿಲ್ಲ ಎಂಬ ಖಾತ್ರಿಯನ್ನು ಅದು ಕೊಡುವುದಿಲ್ಲ. ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪಿನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು. ಜ್ವರ, ನೆಗಡಿಯ ಗುಳಿಗೆಗೆ ಅದು ಉಪಯುಕ್ತ. ಕಲಬೆರಕೆಯನ್ನು ಯಾವ ಆ್ಯಪೂ ಕಾಣಲಾರದು. 'ಇನ್‌ಫಾರ್ಮ್ಡ್ ಸ್ಪೋರ್ಟ್'ನಂಥ ಸ್ವತಂತ್ರ ಪರೀಕ್ಷೆಗೆ ಒಳಗಾದ ತಯಾರಿಕೆಗಳಲ್ಲಿ ಅಪಾಯ ಕಡಿಮೆ, ಬೆಲೆ ಹೆಚ್ಚು. ಶಾಲಾ ಮಟ್ಟದ ಓಟಗಾರನಿಗೆ ಶೇಂಗಾ, ತೊಗರಿ ಬೇಳೆ, ಮೊಸರು, ಮೊಟ್ಟೆ, ಜೋಳದ ರೊಟ್ಟಿ ಸಾಲುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಮಕ್ಕಳ ವಿಷಯದಲ್ಲಿ ಸಂಹಿತೆ ಕೊಂಚ ಮೃದುವಾಗಿದೆ. 16 ತುಂಬದವರು 'ಸಂರಕ್ಷಿತ ವ್ಯಕ್ತಿ'ಗಳು. 18 ತುಂಬದವರಲ್ಲಿ ನಿಯತ ಪರೀಕ್ಷಾ ಪಟ್ಟಿಯಲ್ಲಿರದ, ಮುಕ್ತ ವಿಭಾಗದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾಗವಹಿಸದವರೂ ಈ ವರ್ಗಕ್ಕೇ ಸೇರುತ್ತಾರೆ. ಮದ್ದು ದೇಹ ಸೇರಿದ ಬಗೆಯನ್ನು ಸಾಬೀತುಪಡಿಸಲಾಗದಿದ್ದರೂ ಇವರು ಶಿಕ್ಷೆಯಲ್ಲಿ ರಿಯಾಯಿತಿ ಕೇಳಬಹುದು. ಹೆಸರನ್ನು ಬಹಿರಂಗಗೊಳಿಸುವುದು ಕಡ್ಡಾಯವಲ್ಲ. ಇಂಥ ಮಗು ಸಿಕ್ಕಿಬಿದ್ದಾಗ ಅದರ ತರಬೇತುದಾರರ ಬಗ್ಗೆ ತನಿಖೆ ನಡೆಯಲೇಬೇಕು. ಮಗುವಿಗೆ ಸ್ಟೆರಾಯ್ಡ್ ಕೊಟ್ಟದ್ದು ಸಾಬೀತಾದರೆ ತರಬೇತುದಾರರಿಗೆ ಆಜೀವ ನಿಷೇಧ.

ಇಷ್ಟಾದ ಮೇಲೂ ಪೂರಕವನ್ನು ಕೊಳ್ಳಲೇಬೇಕಾದ ಸಂದರ್ಭ ಬಂದರೆ ಮೊದಲು ವೈದ್ಯರ ಸಲಹೆ ಕೇಳಿರಿ. ಸಡಿಲ ಪುಡಿಯನ್ನೂ, ಪೊಟ್ಟಣದಲ್ಲಿ ಕಟ್ಟಿಕೊಟ್ಟದ್ದನ್ನೂ ಮುಟ್ಟಬೇಡಿರಿ. ಬಿಲ್ಲು, ಖಾಲಿ ಡಬ್ಬಿ, ಬ್ಯಾಚ್ ಸಂಖ್ಯೆ ಇವನ್ನು ಎಸೆಯದೆ ಇಡಿರಿ. ಸಾಧ್ಯವಾದರೆ ಅದೇ ಬ್ಯಾಚಿನ ತೆರೆಯದ ಡಬ್ಬಿಯೊಂದು ಇರಲಿ, ಮುಂದೆ ಕಲಬೆರಕೆಯನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು. ಮಾದರಿ ಕೊಡುವಾಗ ತುಂಬುವ ನಮೂನೆಯಲ್ಲಿ ಹಿಂದಿನ ಏಳು ದಿನಗಳಲ್ಲಿ ಸೇವಿಸಿದ ಔಷಧಿ, ಪೂರಕಗಳನ್ನೆಲ್ಲ ಬರೆಯಿಸಬೇಕು. ಆಗ ದೊಡ್ಡವರೊಬ್ಬರು ಮಗುವಿನ ಜೊತೆಗಿರಲು ನಿಯಮದಲ್ಲಿ ಅವಕಾಶವಿದೆ. ಕನ್ನಡ ಮಾತ್ರ ಬಲ್ಲ ಮಗುವಾದರೆ, ಅಲ್ಲಿ ನಡೆಯುವ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳಬಲ್ಲವರನ್ನೇ ಕಳುಹಿಸಿರಿ.