ಒಂದೇ ತಂತಿ, ಎರಡು ಹಾದಿ

ಕರೋಲ್ ಬಾಗ್‌ನಲ್ಲಿ ನೆಲೆನಿಂತ ಕನ್ನಡ ಮನೆಗಳಿಗೆ ಊರಿನ ದನಿ ಬಹುಕಾಲ ಟ್ರಂಕ್ ಕಾಲ್ ಮೂಲಕವೇ ಬರುತ್ತಿದ್ದಿತು. ಮುಂಗಡ ಕಾದಿರಿಸಿ, ಗಂಟೆಗಟ್ಟಲೆ ಕಾದು, ಮೂರು ನಿಮಿಷಗಳ ಲೆಕ್ಕದಲ್ಲಿ ಕ್ಷೇಮಸಮಾಚಾರವನ್ನು ಮುಗಿಸಬೇಕಾಗಿದ್ದಿತು. ದೂರವಾಣಿಯ ಕಥೆಯಲ್ಲಿ ನಮ್ಮ ನಾಡಿನ ಪಾಲೂ ದೊಡ್ಡದು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ 1948ರಲ್ಲಿ ಸ್ಥಾಪಿತವಾದುದು ಬೆಂಗಳೂರಿನಲ್ಲಿ. ಸಿ-ಡಾಟ್ ಸಂಸ್ಥೆಯು ರೂಪಿಸಿದ ದೇಶೀಯ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಪರೀಕ್ಷೆಗೊಳಗಾದುದು ಚೆನ್ನಮ್ಮನ ಕಿತ್ತೂರಿನಲ್ಲಿ.

1995ರ ಆಗಸ್ಟ್ 15ರಂದು ಅಂತರ್ಜಾಲವು ಭಾರತದಲ್ಲಿ ಸಾರ್ವಜನಿಕರಿಗೆ ದೊರೆಯಿತು. ಆಗಿನ ಮೋಡೆಮ್ ಕಂಪ್ಯೂಟರಿನ ಅಂಕಿಗಳನ್ನು ಕಿವಿಗೆ ಕೇಳುವ ಸ್ವರಗಳನ್ನಾಗಿ ಮಾರ್ಪಡಿಸಿ, ಮಾತಿನ ಹಾದಿಯಲ್ಲೇ ಕಳುಹಿಸುತ್ತಿದ್ದಿತು. ಎಕ್ಸ್‌ಚೇಂಜ್ ಒಂದು ಕರೆಗೆ ಕೊಡುತ್ತಿದ್ದ ಎಡೆ ಸೆಕೆಂಡಿಗೆ 64 ಸಾವಿರ ಬಿಟ್‌ಗಳಷ್ಟೇ. ಆದುದರಿಂದ ಮೋಡೆಮ್ ಎಷ್ಟು ಜಾಣನಾದರೂ 56 ಸಾವಿರವನ್ನು ದಾಟಲಾರದೆ ಹೋಯಿತು. ಅದಕ್ಕಿಂತ ದೊಡ್ಡ ತೊಡಕು ಬೇರೆಯದು. ಮಗ ಅಂತರ್ಜಾಲದಲ್ಲಿರುವಷ್ಟು ಹೊತ್ತು ಫೋನು ಎಂಗೇಜ್! ಊರಿನಲ್ಲಿ ಅಜ್ಜಿಗೆ ಕಾಯಿಲೆಯೆಂದು ಯಾರಾದರೂ ಕರೆದರೆ ಕೇಳಿಸುವವರಿಲ್ಲ.

ಇದಕ್ಕೆ ಪರಿಹಾರ ಆ ತಾಮ್ರದ ತಂತಿಯಲ್ಲೇ ಅಡಗಿದ್ದಿತು. ಮನುಷ್ಯನ ಮಾತಿಗೆ ಸೆಕೆಂಡಿಗೆ ಸುಮಾರು 4 ಸಾವಿರ ಕಂಪನಗಳವರೆಗಿನ ಎಡೆ ಸಾಕು. ತಂತಿಯಾದರೋ 11 ಲಕ್ಷ ಕಂಪನಗಳವರೆಗೂ ಹೊರಬಲ್ಲದು. ಅಮೆರಿಕದ ಜೋಸೆಫ್ ಲೆಕ್‌ಲೈಡರ್, ಜಾನ್ ಸಿಯೋಫಿ ಮೊದಲಾದವರ ಶ್ರಮದಿಂದ ರೂಪುಗೊಂಡ ಎ.ಡಿ.ಎಸ್.ಎಲ್. ವಿಧಾನವು ಈ ಬರಿದಾದ ಮೇಲಿನ ಎಡೆಯನ್ನು ಚಿಕ್ಕ ಚಿಕ್ಕ ಓಣಿಗಳಾಗಿ ಹಂಚಿತು. ಗದ್ದಲವಿಲ್ಲದ ಓಣಿಗೆ ಹೆಚ್ಚು ಹೊರೆ, ಗದ್ದಲದ ಓಣಿಗೆ ಕಡಮೆ. ಮನೆಗೆ ಬರುವ ಮಾಹಿತಿಯೇ ಅಧಿಕವಾದುದರಿಂದ ಆ ಕಡೆಗೆ ಹೆಚ್ಚು ಓಣಿಗಳು. ಮನೆಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಮಾತನ್ನು ಫೋನಿಗೂ ಉಳಿದುದನ್ನು ಮೋಡೆಮಿಗೂ ಬೇರ್ಪಡಿಸಿತು, ಎಕ್ಸ್‌ಚೇಂಜಿನಲ್ಲಿಯೂ ಹಾಗೆಯೇ.

2005ರ ಜನವರಿಯಲ್ಲಿ ಎಂ.ಟಿ.ಎನ್.ಎಲ್. ದೆಹಲಿಯಲ್ಲಿಯೂ ಬಿ.ಎಸ್.ಎನ್.ಎಲ್. ಕರ್ನಾಟಕದಲ್ಲಿಯೂ ಈ ಸೇವೆಯನ್ನು ಆರಂಭಿಸಿದವು. ಹೊಸ ತಂತಿಗಾಗಿ ಬೀದಿಯನ್ನು ಅಗೆಯಬೇಕಾಗಲಿಲ್ಲ. ಆದರೆ ಮೇಲಿನ ಕಂಪನಗಳು ದೂರ ಹೋದಂತೆಲ್ಲ ಕುಗ್ಗುವುವು. ಎಕ್ಸ್‌ಚೇಂಜಿಗೆ ಹತ್ತಿರದ ಮನೆಗೆ ವೇಗ, ನಾಲ್ಕೈದು ಕಿಲೋಮೀಟರ್ ಆಚೆಯವರಿಗೆ ನಿರಾಶೆ. ಮಳೆನೀರು ಕೇಬಲಿನ ಜೋಡಣೆಗೆ ಇಳಿದರಂತೂ ಎರಡು ಹಾದಿಗಳಿಗೂ ತಡೆ.

ಇಂದು ಗಾಜಿನ ಎಳೆ ತಾಮ್ರದ ಜಾಗಕ್ಕೆ ಬಂದಿದೆ. ಆದರೂ ಈ ಮಹಾನಗರದಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಕನ್ನಡ ಪತ್ರಿಕೆಯ ಪುಟವನ್ನು ಪರದೆಯ ಮೇಲೆ ಮೊದಲು ಕಂಡುದು ಆ ಹಳೆಯ ತಂತಿಯಿಂದಲೇ. ಅದೇ ಹೊತ್ತಿನಲ್ಲಿ ಅದೇ ತಂತಿಯಲ್ಲಿ ಅಜ್ಜಿಯ ದನಿಯೂ ಬರಬಹುದಾಗಿದ್ದಿತು. ದನಿ ಬರುವ ಹಾದಿ ಯಾವುದಾದರೇನು, ಈ ಕಡೆ ಕನ್ನಡದಲ್ಲಿ ಉತ್ತರಿಸುವವರು ಮಾತ್ರ ನಮ್ಮ ಮನೆಗಳಲ್ಲಿ ಉಳಿದಿರಬೇಕು.