ಪ್ರಾಕ್ಸಿ ಕ್ಲೈಂಟ್ ತಂತ್ರಾಂಶ: ಇತಿಹಾಸ, ಅಳವಡಿಕೆ ಮತ್ತು ದೋಷನಿವಾರಣೆ

ಪ್ರಾಕ್ಸಿ ಕ್ಲೈಂಟ್ ಎಂಬುದು ಗಣಕಯಂತ್ರ ಅಥವಾ ಮೊಬೈಲ್ ಫೋನಿನಿಂದ ಹೊರಡುವ ಅಂತರಜಾಲದ ಕೋರಿಕೆಗಳನ್ನು ನೇರವಾಗಿ ಜಾಲತಾಣಕ್ಕೆ ಕಳುಹಿಸದೆ, ನಡುವೆ ನಿಂತ ಪ್ರಾಕ್ಸಿ ಸರ್ವರ್‌ಗೆ ಒಪ್ಪಿಸಿ, ಅದು ತಂದುಕೊಟ್ಟ ಉತ್ತರವನ್ನು ಬಳಕೆದಾರರಿಗೆ ಮುಟ್ಟಿಸುವ ತಂತ್ರಾಂಶ. ಅದು ಬ್ರೌಸರಿನೊಳಗಿನ ಒಂದು ಸೆಟ್ಟಿಂಗ್ ಆಗಿರಬಹುದು, ಕಾರ್ಯಾಚರಣ ವ್ಯವಸ್ಥೆಯ ಒಂದು ಭಾಗವಾಗಿರಬಹುದು ಅಥವಾ ಪ್ರತ್ಯೇಕವಾಗಿ ಸ್ಥಾಪಿಸಿಕೊಂಡ ಆ್ಯಪ್ ಆಗಿರಬಹುದು. ಪ್ರಾಕ್ಸಿಯ ವಿಳಾಸ ಯಾವುದೋ ಒಂದು ಜಾಲಕ್ಕೆ ಸೇರಿದ್ದು. ಅದನ್ನು ನೆನಪಿಟ್ಟುಕೊಳ್ಳುವ ಸಾಧನವಾದರೋ ಜಾಲದಿಂದ ಜಾಲಕ್ಕೆ ಓಡಾಡುವಂಥದು. ಈ ಎರಡನ್ನೂ ಹೊಂದಿಸುವ ಪ್ರಯತ್ನಗಳೇ ಈ ತಂತ್ರಾಂಶದ ಇತಿಹಾಸವನ್ನು ಬಹುಪಾಲು ರೂಪಿಸಿವೆ. ಸುಮಾರು 20 ಕಿ.ಮೀ. ಅಂತರದ ಎರಡು ಊರುಗಳು ಒಂದೇ ಮಹಾನಗರ ಪಾಲಿಕೆಯಡಿ ಬೆಳೆದುಬಂದ, ವಿದ್ಯಾರ್ಥಿಗಳೂ ನೌಕರರೂ ದಿನವೂ ಅತ್ತಿಂದಿತ್ತ ಸಂಚರಿಸುವ ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರದಲ್ಲಿ ಈ ಹೊಂದಾಣಿಕೆಯ ಅಗತ್ಯ ಎದ್ದು ಕಾಣುತ್ತದೆ.

ಪದ ಮತ್ತು ಪರಿಕಲ್ಪನೆ

ಪ್ರಾಕ್ಸಿ ಎಂದರೆ ಮತ್ತೊಬ್ಬರ ಪರವಾಗಿ ನಿಂತು ವ್ಯವಹರಿಸುವವನು. ಉತ್ತರ ಕರ್ನಾಟಕದಲ್ಲಿ ಆಸ್ತಿಯ ವ್ಯವಹಾರವನ್ನು ಇನ್ನೊಬ್ಬರಿಗೆ ವಹಿಸಿಕೊಡುವಾಗ ಬರೆಯುವ ವಟಮುಖತ್ಯಾರ ಪತ್ರದ ಕಲ್ಪನೆಗೆ ಇದು ಬಹಳ ಹತ್ತಿರದ್ದು. ಮುಖತ್ಯಾರನು ಕಚೇರಿಯಲ್ಲಿ ಸಹಿ ಮಾಡುವಾಗ ಮೂಲ ವ್ಯಕ್ತಿ ಎದುರಿಗೆ ಇರದಿರುವಂತೆ, ಪ್ರಾಕ್ಸಿಯ ಮೂಲಕ ಹೋದ ಕೋರಿಕೆಯಲ್ಲಿ ಜಾಲತಾಣಕ್ಕೆ ಸಾಮಾನ್ಯವಾಗಿ ಕಾಣಿಸುವುದು ಪ್ರಾಕ್ಸಿಯ ವಿಳಾಸವೇ ಹೊರತು ಬಳಕೆದಾರರ ಸಾಧನದ ವಿಳಾಸವಲ್ಲ. ಪ್ರಾಕ್ಸಿಯನ್ನು ಗುರುತಿಸಲು ಎರಡು ಅಂಶಗಳು ಬೇಕು: ಒಂದು, ಜಾಲದಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸ ಅಥವಾ ಹೆಸರು, ಮತ್ತೊಂದು ಪೋರ್ಟ್ ಸಂಖ್ಯೆ, ಎಂದರೆ ಅದೇ ಯಂತ್ರದೊಳಗೆ ನಿರ್ದಿಷ್ಟ ಸೇವೆ ಕಾದು ಕುಳಿತಿರುವ ಬಾಗಿಲಿನ ಅಂಕಿ. ರೂಢಿಯಲ್ಲಿ 8080 ಮತ್ತು 3128 ಪೋರ್ಟುಗಳು ವೆಬ್ ಪ್ರಾಕ್ಸಿಗೂ 1080 ಪೋರ್ಟು ಸಾಕ್ಸ್ ಪ್ರಾಕ್ಸಿಗೂ ಬಳಕೆಯಾಗುತ್ತ ಬಂದಿವೆ.

ಉಗಮ

ಸಂಸ್ಥೆಗಳು ತಮ್ಮ ಆಂತರಿಕ ಜಾಲದ ಸುತ್ತ ಫೈರ್‌ವಾಲ್ ಎಂಬ ರಕ್ಷಣಾ ಗೋಡೆಯನ್ನು ಕಟ್ಟಿಕೊಂಡಾಗ, ಒಳಗಿರುವವರು ಹೊರಗಿನ ಸೇವೆಗಳನ್ನು ಪಡೆಯಲು ನಿಯಂತ್ರಿತವಾದ ಒಂದು ದಾರಿ ಬೇಕಾಯಿತು. ಡೇವಿಡ್ ಕೋಬ್ಲಾಸ್ ರೂಪಿಸಿ 1992ರಲ್ಲಿ ಬಹಿರಂಗಪಡಿಸಿದ ಸಾಕ್ಸ್ ಎಂಬ ಸಂವಹನ ಶಿಷ್ಟಾಚಾರ (ಪ್ರೋಟೋಕಾಲ್) ಈ ಅಗತ್ಯದಿಂದ ಹುಟ್ಟಿದ್ದು. ಅದು ವೆಬ್ ಪುಟಗಳಿಗೆ ಸೀಮಿತವಾಗದೆ ಅಂತರಜಾಲದ ಬಹುಪಾಲು ಸೇವೆಗಳು ಬಳಸುವ ಟಿಸಿಪಿ ಬಗೆಯ ಯಾವುದೇ ಸಂಪರ್ಕವನ್ನು ಸಾಗಿಸಬಲ್ಲದಾಗಿತ್ತು. ಅದರ ಐದನೆಯ ಆವೃತ್ತಿಯು 1996ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 1928 ಎಂಬ ದಾಖಲೆಯಾಗಿ ಪ್ರಕಟಗೊಂಡು, ಬಳಕೆದಾರರ ದೃಢೀಕರಣವನ್ನೂ ಮೊದಲೇ ಸಂಪರ್ಕ ಸ್ಥಾಪಿಸದೆ ಮಾಹಿತಿ ಕಳುಹಿಸುವ ಯುಡಿಪಿ ಬಗೆಯ ಸಂಚಾರವನ್ನೂ ಒಳಗೊಂಡಿತು. ವೆಬ್ ಪ್ರಾಕ್ಸಿಯು ಜಿನೀವಾ ಬಳಿಯ ಸರ್ನ್ ಸಂಸ್ಥೆಯ ವೆಬ್ ಸರ್ವರ್‌ನಲ್ಲಿ ರೂಪ ತಳೆಯಿತು. ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ ಅದನ್ನು ಕುರಿತ ಪ್ರಬಂಧವನ್ನು 1994ರ ಮೊದಲ ಅಂತರರಾಷ್ಟ್ರೀಯ ವೆಬ್ ಸಮ್ಮೇಳನದಲ್ಲಿ ಮಂಡಿಸಿದರು. ಪ್ರಾಕ್ಸಿಯ ವಿಳಾಸವನ್ನು ಕಾರ್ಯಾಚರಣ ವ್ಯವಸ್ಥೆಯ ಒಂದು ಪರಿಸರ ಚರಾಂಶದಲ್ಲಿ (ಎನ್ವಿರಾನ್‌ಮೆಂಟ್ ವೇರಿಯಬಲ್) ಬರೆದಿಟ್ಟು, ತಂತ್ರಾಂಶಗಳು ಅದನ್ನು ಓದಿಕೊಳ್ಳುವ ಕ್ರಮವೂ ಸರ್ನ್‌ನ ತಂತ್ರಾಂಶ ಸಂಗ್ರಹದೊಂದಿಗೇ ಬಂದುದಾಗಿದ್ದು, ಲಿನಕ್ಸ್ ಬಳಸುವವರಲ್ಲಿ ಇಂದಿಗೂ ಉಳಿದಿದೆ.

1996ರಲ್ಲಿ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯಿಂದ ಕವಲೊಡೆದ ಸ್ಕ್ವಿಡ್ ತಂತ್ರಾಂಶವು, ಒಮ್ಮೆ ತರಿಸಿದ ಪುಟದ ಪ್ರತಿಯನ್ನು ತನ್ನಲ್ಲಿ ಕಾಪಿಟ್ಟು ಮತ್ತೆ ಕೇಳಿದವರಿಗೆ ಅಲ್ಲಿಂದಲೇ ಕೊಡುವ ಕ್ಯಾಶಿಂಗ್ ವಿಧಾನವನ್ನು ಜನಪ್ರಿಯಗೊಳಿಸಿತು. ಅದೇ ಸುಮಾರಿಗೆ ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿಯಲ್ಲಿ ಪ್ಯಾಕ್ ಕಡತ ಬಂದಿತು. ಯಾವ ವಿಳಾಸಕ್ಕೆ ಪ್ರಾಕ್ಸಿಯ ಮೂಲಕ ಹೋಗಬೇಕು, ಯಾವುದಕ್ಕೆ ನೇರವಾಗಿ ಹೋಗಬೇಕು ಎಂಬುದನ್ನು ನಿರ್ಧರಿಸುವ ಈ ಪುಟ್ಟ ಜಾವಾಸ್ಕ್ರಿಪ್ಟ್ ಕಡತವನ್ನು ಜಾಲದ ಆಡಳಿತಗಾರರು ಒಂದೆಡೆ ಇಟ್ಟರೆ ಪ್ರತಿ ಯಂತ್ರದಲ್ಲಿ ಕೈಯಾರೆ ಅಂಕಿಗಳನ್ನು ತುಂಬುವ ಕೆಲಸ ತಪ್ಪುತ್ತಿತ್ತು. ಸೆಟ್ಟಿಂಗನ್ನು ಸಾಧನದಿಂದ ಬಿಡಿಸಿ ಅದು ಸೇರಬೇಕಾದ ಜಾಲಕ್ಕೇ ಒಪ್ಪಿಸಿದ ಮೊದಲ ಮುಖ್ಯ ಹೆಜ್ಜೆ ಇದು.

ಸೈಬರ್ ಕೆಫೆಗಳ ಕಾಲ

ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆಯನ್ನು ಮಹಾನಗರಗಳಲ್ಲಿ ಆರಂಭಿಸಿತು. 1998ರಲ್ಲಿ ಖಾಸಗಿ ಸೇವಾದಾರರಿಗೂ ಅವಕಾಶ ದೊರೆಯಿತು. ಆ ಮೇಲಿನ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡಗಳಂಥ ನಗರಗಳಿಗೂ ಹರಡಿದ ಸೈಬರ್ ಕೆಫೆಯ ಮೂಲ ಸಮಸ್ಯೆ ಸರಳವಾಗಿತ್ತು: ದೂರವಾಣಿ ತಂತಿ ಒಂದು, ಮೋಡೆಮ್ ಒಂದು, ಸಿಗುವ ಐಪಿ ವಿಳಾಸವೂ ಒಂದು, ಆದರೆ ಗಿರಾಕಿಗಳು ಕುಳಿತ ಗಣಕಯಂತ್ರಗಳು ಹಲವು. ಮೋಡೆಮ್ ಜೋಡಿಸಿದ ಯಂತ್ರದಲ್ಲಿ ವಿನ್‌ಗೇಟ್ ಅಥವಾ ಸಿಸಿಪ್ರಾಕ್ಸಿಯಂಥ ಸರ್ವರ್ ತಂತ್ರಾಂಶವನ್ನು ಸ್ಥಾಪಿಸಿ, ಉಳಿದ ಯಂತ್ರಗಳ ಬ್ರೌಸರಿನಲ್ಲಿ ಅದರ ವಿಳಾಸ ಮತ್ತು ಪೋರ್ಟನ್ನು ನಮೂದಿಸುವುದು ಆ ಕಾಲದ ಪರಿಹಾರವಾಗಿತ್ತು. 1999ರಲ್ಲಿ ವಿಂಡೋಸ್ 98ರ ಎರಡನೆಯ ಆವೃತ್ತಿಯು ಸಂಪರ್ಕ ಹಂಚಿಕೆಯ ಸೌಲಭ್ಯವನ್ನು ತನ್ನೊಳಗೇ ತಂದಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಸೇವೆ ಆರಂಭವಾದ ಬಳಿಕ, ಒಂದು ವಿಳಾಸವನ್ನು ಹಲವು ಯಂತ್ರಗಳಿಗೆ ತಾನೇ ಹಂಚುವ ರೂಟರುಗಳು ಬಳಕೆಗೆ ಬಂದು, ಸಂಪರ್ಕ ಹಂಚಿಕೆಗಾಗಿ ಪ್ರಾಕ್ಸಿ ಬೇಕೆಂಬ ಅನಿವಾರ್ಯತೆ ತಗ್ಗಿತು.

ಪ್ರಾಕ್ಸಿಗೆ ಕಾನೂನಿನ ಮಹತ್ವ ಬಂದದ್ದೂ ಈ ಕೆಫೆಗಳ ಮೂಲಕವೇ. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಹೊರಡಿಸಿದ ಸೈಬರ್ ಕೆಫೆ ನಿಯಮಗಳು, ಗಿರಾಕಿಯ ಗುರುತಿನ ದಾಖಲೆಯನ್ನು ಪರಿಶೀಲಿಸುವುದನ್ನೂ ಸಂದರ್ಶಿಸಿದ ತಾಣಗಳ ವಿವರದ ಜೊತೆಗೆ ಕೆಫೆಯ ಪ್ರಾಕ್ಸಿ ಸರ್ವರಿನ ಲಾಗ್, ಎಂದರೆ ಚಟುವಟಿಕೆಯ ದಾಖಲೆಯನ್ನು, ಕನಿಷ್ಠ ಒಂದು ವರ್ಷ ಕಾಯ್ದಿಡುವುದನ್ನೂ ಕಡ್ಡಾಯಗೊಳಿಸಿದವು. ಮಧ್ಯವರ್ತಿಯಾದವನು ತನ್ನ ಮೂಲಕ ಹಾದುಹೋದುದಕ್ಕೆ ಉತ್ತರದಾಯಿಯೂ ಹೌದೆಂಬ ತತ್ತ್ವ ಇಲ್ಲಿ ಅಧಿಕೃತವಾಗಿ ನೆಲೆಗೊಂಡಿತು.

ಗ್ರಂಥಾಲಯಗಳು ಮತ್ತು ದೂರಪ್ರವೇಶ

ಅವಳಿ ನಗರದ ವಿದ್ಯಾಕ್ಷೇತ್ರದಲ್ಲಿ ಪ್ರಾಕ್ಸಿಯ ಪಾತ್ರ ಬೇರೆ ಬಗೆಯದು. ಈಗ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ ಯುಜಿಸಿ-ಇನ್ಫೊನೆಟ್ ಒಕ್ಕೂಟವು 2004ರಿಂದ ವಿಶ್ವವಿದ್ಯಾಲಯಗಳಿಗೆ ವಿದ್ಯುನ್ಮಾನ ನಿಯತಕಾಲಿಕಗಳನ್ನು ಒದಗಿಸತೊಡಗಿದಾಗಲೂ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸೆರಾ ಒಕ್ಕೂಟವು ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳಿಗೆ ಅದೇ ಬಗೆಯ ಸೇವೆ ನೀಡಿದಾಗಲೂ, ಪ್ರಕಾಶಕರು ಓದುಗರನ್ನು ಗುರುತಿಸುತ್ತಿದ್ದುದು ಮುಖ್ಯವಾಗಿ ಸಂಸ್ಥೆಯ ಐಪಿ ವಿಳಾಸದಿಂದ. ಇದರಿಂದಾಗಿ ಪಾವಟೆ ನಗರದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದೊಳಗೆ ತೆರೆದುಕೊಳ್ಳುವ ಪ್ರಬಂಧವೊಂದು, ಅದೇ ಸಂಶೋಧಕರು ಸಂಜೆ ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದ ನೋಡಹೋದರೆ ಹಣ ಕೇಳುವ ಸ್ಥಿತಿ ಇಂಥ ವ್ಯವಸ್ಥೆಯಲ್ಲಿ ಸಹಜವಾಗಿತ್ತು. ಓದುವ ಹಕ್ಕು ವ್ಯಕ್ತಿಗೆ ದೊರೆತಿದ್ದರೂ ಅದು ಸ್ಥಳಕ್ಕೆ ಅಂಟಿಕೊಂಡಿತ್ತು.

ಈ ಕೊರತೆಯನ್ನು ತುಂಬುವ ಸಾಧನ ಹುಟ್ಟಿದ್ದು ಗ್ರಂಥಾಲಯ ವೃತ್ತಿಯೊಳಗಿನಿಂದಲೇ. ಅಮೆರಿಕದ ಅರಿಜೋನಾದ ಗ್ರಂಥಪಾಲಕ ಕ್ರಿಸ್ ಜಾಗರ್ 1999ರಲ್ಲಿ ರೂಪಿಸಿದ ಈಜಿಪ್ರಾಕ್ಸಿಯನ್ನು ಓಸಿಎಲ್‌ಸಿ ಸಂಸ್ಥೆ 2008ರಲ್ಲಿ ತನ್ನದಾಗಿಸಿಕೊಂಡಿತು. ಇದು ಬ್ರೌಸರಿನ ಸೆಟ್ಟಿಂಗನ್ನು ಮುಟ್ಟದೆ, ಪುಟದಲ್ಲಿರುವ ಕೊಂಡಿಗಳನ್ನೇ ಪ್ರಾಕ್ಸಿಯ ಹೆಸರಿಗೆ ಬದಲಿಸಿ ಬರೆಯುತ್ತದೆಯಾದ್ದರಿಂದ, ಓದುಗರು ತಮ್ಮ ಹೆಸರು ಮತ್ತು ಗುಪ್ತಪದವನ್ನು ಕೊಟ್ಟರೆ ಸಾಕು. 2010ರಲ್ಲಿ ಆರಂಭವಾದ ಎನ್-ಲಿಸ್ಟ್ ಯೋಜನೆಯು ಇನ್‌ಫ್ಲಿಬ್‌ನೆಟ್ ಕೇಂದ್ರದ ಸರ್ವರುಗಳಲ್ಲೇ ದೃಢೀಕರಣ ನಡೆಸಿ ಪದವಿ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ದಾರಿಯನ್ನು ತೆರೆಯಿತು. ಬಳಿಕ ಇನ್‌ಫೆಡ್ ಎಂಬ ಒಕ್ಕೂಟವು ಶಿಬ್ಬೊಲೆತ್ ತಂತ್ರಾಂಶದ ನೆರವಿನಿಂದ, ಪ್ರಾಕ್ಸಿಯ ಬದಲು ಸಂಸ್ಥೆಯೇ ತನ್ನ ಸದಸ್ಯರ ಗುರುತನ್ನು ಪ್ರಕಾಶಕರಿಗೆ ಖಚಿತಪಡಿಸುವ ವಿಧಾನವನ್ನು ತಂದಿತು. 2020ರ ಮಾರ್ಚ್‌ನ ಲಾಕ್‌ಡೌನ್ ಕಾಲದಲ್ಲಿ ಆವರಣಗಳೇ ಮುಚ್ಚಿದಾಗ ಈ ದೂರಪ್ರವೇಶವು ಸೌಕರ್ಯದ ಮಟ್ಟದಿಂದ ಅವಶ್ಯಕತೆಯ ಮಟ್ಟಕ್ಕೆ ಏರಿತು.

ಮೊಬೈಲ್ ಫೋನು ಮತ್ತು ಕನ್ನಡ ಓದು

ಕನ್ನಡದ ಓದುಗರ ಪಾಲಿಗೆ ಪ್ರಾಕ್ಸಿಯ ಅತಿ ದೊಡ್ಡ ಉಪಕಾರವು ಪ್ರಾಕ್ಸಿ ಎಂಬ ಹೆಸರಿನಲ್ಲಿ ಬರಲಿಲ್ಲ. 2006ರ ಜನವರಿಯಲ್ಲಿ ಜಗತ್ತಿನಾದ್ಯಂತ ಬಿಡುಗಡೆಯಾದ ಒಪೆರಾ ಮಿನಿ ಬ್ರೌಸರು ಪುಟವನ್ನು ಮೊದಲು ತನ್ನ ಸರ್ವರಿನಲ್ಲಿ ತೆರೆದು, ಕುಗ್ಗಿಸಿ, ಬಳಿಕ ಫೋನಿಗೆ ಕಳುಹಿಸುತ್ತಿತ್ತು. ಹಾಗಾಗಿ ಅದು ಪ್ರಾಕ್ಸಿಯೂ ಕ್ಲೈಂಟೂ ಒಂದಾಗಿ ಬೆರೆತ ತಂತ್ರಾಂಶವಾಗಿತ್ತು. ಅಂದಿನ ಬಹುಪಾಲು ಅಗ್ಗದ ಫೋನುಗಳಿಗೆ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಶಕ್ತಿಯಿರದೆ, ಯೂನಿಕೋಡ್ ಕನ್ನಡ ಪುಟಗಳು ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಒಪೆರಾ ಮಿನಿಯ ಒಳಗಿನ ಸಂಯೋಜನೆಯ ಪುಟದಲ್ಲಿ, ಸಂಕೀರ್ಣ ಲಿಪಿಗಳಿಗೆ ಚಿತ್ರರೂಪದ ಅಕ್ಷರ ಬಳಸು ಎಂಬ ಅರ್ಥದ ಆಯ್ಕೆಯೊಂದಿತ್ತು. ಅದನ್ನು ಹೌದು ಎಂದು ಬದಲಿಸಿದೊಡನೆ ಸರ್ವರು ಅಕ್ಷರಗಳನ್ನು ತಾನೇ ಜೋಡಿಸಿ ಚಿತ್ರವಾಗಿ ಕಳುಹಿಸುತ್ತಿತ್ತು. ಫೋನಿಗೆ ಓದಲು ಬಾರದ ಲಿಪಿಯನ್ನು ದೂರದ ಮಧ್ಯವರ್ತಿಯೊಂದು ಅದರ ಪರವಾಗಿ ಬರೆದುಕೊಟ್ಟ ಈ ಪ್ರಸಂಗವು, ಭಾರತೀಯ ಭಾಷೆಗಳ ಗಣಕೀಕರಣದ ಚರಿತ್ರೆಯಲ್ಲಿ ಕೃತಜ್ಞತೆಯಿಂದ ದಾಖಲಾಗಬೇಕಾದುದು.

ಸ್ಮಾರ್ಟ್‌ಫೋನುಗಳ ಕಾಲದಲ್ಲಿ, 2011ರ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ 4.0 ಆವೃತ್ತಿಯು ಸಾಧನದ ಸಂಚಾರವನ್ನು ಬೇರೊಂದು ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಸೇವೆಯ ದ್ವಾರವನ್ನು ಸಾಮಾನ್ಯ ಆ್ಯಪ್‌ಗಳಿಗೂ ತೆರೆದಿಟ್ಟಿತು. ಇದರಿಂದ ಪ್ರಾಕ್ಸಿ ಕ್ಲೈಂಟ್ ಸಾಧನದಲ್ಲಿ ಒಂದು ಕಾಲ್ಪನಿಕ ಜಾಲಸಂಪರ್ಕವನ್ನು ನಿರ್ಮಿಸಿ, ಪ್ರಾಕ್ಸಿಯ ಪರಿವೆಯೇ ಇಲ್ಲದ ಆ್ಯಪ್‌ಗಳ ಸಂಚಾರವನ್ನೂ ತನ್ನತ್ತ ತಿರುಗಿಸಿಕೊಳ್ಳಬಲ್ಲದಾಯಿತು.

ಸಾಧನಗಳಲ್ಲಿ ಅಳವಡಿಕೆ

ಒಂದೇ ಪ್ರಾಕ್ಸಿಯ ವಿಳಾಸವನ್ನು ಬೇರೆ ಬೇರೆ ಸಾಧನಗಳು ಬೇರೆ ಬೇರೆ ಕಡೆ ಇಟ್ಟುಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಬಳಕೆದಾರರ ಇಡೀ ಖಾತೆಗೆ ಸೇರಿದ್ದು, ಕ್ರೋಮ್ ಬ್ರೌಸರು ಅದನ್ನೇ ಅನುಸರಿಸುತ್ತದೆ. ಫೈರ್‌ಫಾಕ್ಸ್ ತನ್ನದೇ ಪ್ರತ್ಯೇಕ ಸೆಟ್ಟಿಂಗನ್ನೂ ಹೊಂದಬಲ್ಲದು. ಹಿನ್ನೆಲೆಯಲ್ಲಿ ಓಡುವ ಕೆಲವು ಸೇವೆಗಳು ಮತ್ತೊಂದು ಸೆಟ್ಟಿಂಗನ್ನು ಓದುತ್ತವೆ. ಮ್ಯಾಕ್ ಗಣಕಗಳಲ್ಲಿ ವೈಫೈ ಮತ್ತು ತಂತಿ ಸಂಪರ್ಕಗಳಿಗೆ ಬೇರೆ ಬೇರೆ ಪ್ರಾಕ್ಸಿ ಇರಬಹುದು. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪಿನ ಸೆಟ್ಟಿಂಗ್, ಪರಿಸರ ಚರಾಂಶ ಮತ್ತು ತಂತ್ರಾಂಶ ಸ್ಥಾಪಿಸುವ ಸಾಧನದ ಸ್ವಂತ ಕಡತ, ಈ ಮೂರನ್ನೂ ಪ್ರತ್ಯೇಕವಾಗಿ ತುಂಬಬೇಕಾಗಬಹುದು. ಆಂಡ್ರಾಯ್ಡ್ ಮತ್ತು ಐಫೋನುಗಳು ಪ್ರಾಕ್ಸಿಯನ್ನು ಆಯಾ ವೈಫೈ ಜಾಲದ ಹೆಸರಿನೊಂದಿಗೆ ಕಟ್ಟಿಡುತ್ತವೆ. ಜಾಲ ಬದಲಾದರೆ ಸೆಟ್ಟಿಂಗೂ ತಾನಾಗಿ ಬದಲಾಗುವುದರಿಂದ, ಊರಿಂದೂರಿಗೆ ಓಡಾಡುವವರಿಗೆ ಇದು ಹೆಚ್ಚು ಒಪ್ಪುವ ಕ್ರಮ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಅತಿ ಹೆಚ್ಚು ಕಾಣುವ ದೋಷವೆಂದರೆ ಹಿಂದಿನ ಜಾಲದ ಸೆಟ್ಟಿಂಗ್ ಹಾಗೆಯೇ ಉಳಿದಿರುವುದು. ಧಾರವಾಡದ ವಸತಿನಿಲಯದಲ್ಲಿ ಪ್ರಾಕ್ಸಿ ಬಳಸಿದ ಲ್ಯಾಪ್‌ಟಾಪು ಹುಬ್ಬಳ್ಳಿಯ ಮನೆಗೆ ಬಂದಾಗ, ವೈಫೈ ಸಿಕ್ಕಿದ್ದರೂ ಯಾವ ಪುಟವೂ ತೆರೆಯದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಇದರ ಇನ್ನೊಂದು ರೂಪವು 127.0.0.1 ಎಂಬ ವಿಳಾಸಕ್ಕೆ ಸಂಬಂಧಿಸಿದ್ದು. ಈ ವಿಳಾಸದ ಅರ್ಥ ಇದೇ ಯಂತ್ರ ಎಂದು; ಅನೇಕ ಕ್ಲೈಂಟುಗಳು ಸಾಧನದೊಳಗೇ ಒಂದು ಚಿಕ್ಕ ಪ್ರಾಕ್ಸಿಯನ್ನು ತೆರೆದು, ವ್ಯವಸ್ಥೆಯ ಸೆಟ್ಟಿಂಗನ್ನು ಅದರತ್ತ ತಿರುಗಿಸಿರುತ್ತವೆ. ಕ್ಲೈಂಟ್ ಹಠಾತ್ತನೆ ನಿಂತರೆ ಅಥವಾ ಅದನ್ನು ಅಳಿಸಿಹಾಕಿದರೆ ಸೆಟ್ಟಿಂಗ್ ಮಾತ್ರ ಉಳಿದು, ಪ್ರಾಕ್ಸಿ ಸಂಪರ್ಕವನ್ನು ನಿರಾಕರಿಸುತ್ತಿದೆ ಎಂಬ ಸಂದೇಶ ಬರುತ್ತದೆ. ಪ್ರಾಕ್ಸಿ ಸೆಟ್ಟಿಂಗನ್ನು ತೆಗೆದುಹಾಕುವುದರಿಂದ ಎರಡೂ ಸರಿಹೋಗುತ್ತವೆ.

407 ಎಂಬ ಅಂಕಿಯ ಸಂದೇಶ ಬಂದರೆ ಸಾಧನವು ಪ್ರಾಕ್ಸಿಯನ್ನು ತಲುಪಿದೆ, ಆದರೆ ಅದು ಹೆಸರು ಮತ್ತು ಗುಪ್ತಪದವನ್ನು ಕೇಳುತ್ತಿದೆ ಎಂದರ್ಥ. ತಾಣದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ದೋಷ ಕಂಡರೆ ಮೊದಲು ಗಡಿಯಾರವನ್ನು ನೋಡಬೇಕು. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಗಣಕಗಳಲ್ಲಿ ದಿನಾಂಕ ಹಿಂದಕ್ಕೆ ಜಾರಿ, ಸರಿಯಾದ ಪ್ರಮಾಣಪತ್ರವೂ ಅಮಾನ್ಯವಾಗಿ ಕಾಣುತ್ತದೆ. ದಿನಾಂಕ ಸರಿಯಿದ್ದರೆ, ಸಂಸ್ಥೆಯ ಪ್ರಾಕ್ಸಿಯು ಗೂಢಲಿಪೀಕೃತ ಸಂಚಾರವನ್ನು ನಡುವೆ ಬಿಚ್ಚಿ ಪರೀಕ್ಷಿಸುತ್ತಿರಬಹುದು; ಆಗ ಸಂಸ್ಥೆಯ ಪ್ರಮಾಣಪತ್ರವನ್ನು ಸಾಧನದಲ್ಲಿ ಸ್ಥಾಪಿಸಿಕೊಳ್ಳಬೇಕಾಗುತ್ತದೆ. 2016ರ ಆಂಡ್ರಾಯ್ಡ್ 7.0ರಿಂದೀಚೆಗೆ ಆ್ಯಪ್‌ಗಳು ಬಳಕೆದಾರರು ಸ್ಥಾಪಿಸಿದ ಪ್ರಮಾಣಪತ್ರಗಳನ್ನು ಸಾಮಾನ್ಯವಾಗಿ ನಂಬುವುದಿಲ್ಲವಾದ್ದರಿಂದ, ಅಂಥ ಜಾಲದಲ್ಲಿ ಬ್ರೌಸರು ನಡೆದು ಆ್ಯಪ್ ನಡೆಯದಿರುವುದು ಸಾಧ್ಯ. ತಾಣವೇ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ, ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೆಲಸವನ್ನು ಸಾಧನ ಮಾಡುತ್ತಿದೆಯೋ ಪ್ರಾಕ್ಸಿ ಮಾಡುತ್ತಿದೆಯೋ ಎಂಬುದನ್ನೂ ಪರೀಕ್ಷಿಸಬೇಕು. ಒಟ್ಟಾರೆ ದೋಷಶೋಧನೆಯ ಕ್ರಮವು ಸಾಧನ ಪ್ರಾಕ್ಸಿಯನ್ನು ತಲುಪುತ್ತಿದೆಯೇ, ಪ್ರಾಕ್ಸಿ ಸಾಧನವನ್ನು ಒಪ್ಪುತ್ತಿದೆಯೇ, ಪ್ರಾಕ್ಸಿಯು ತಾಣವನ್ನು ತಲುಪುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳುವುದಾಗಿದೆ.

ವಿಶ್ವಾಸ ಮತ್ತು ಇಂದಿನ ಸ್ಥಿತಿ

ಗೂಢಲಿಪಿಯಿಲ್ಲದ ಸಂಚಾರವನ್ನು ಪ್ರಾಕ್ಸಿ ನಡೆಸುವವರು ಪೂರ್ತಿಯಾಗಿ ಓದಬಲ್ಲರು. ಗೂಢಲಿಪಿಯಿರುವಲ್ಲಿಯೂ ಯಾವ ತಾಣಕ್ಕೆ ಹೋದದ್ದೆಂದು ಸಾಮಾನ್ಯವಾಗಿ ತಿಳಿಯಬಲ್ಲರು. ಆದಕಾರಣ ಯಾರು ನಡೆಸುತ್ತಿದ್ದಾರೆಂದು ಗೊತ್ತಿಲ್ಲದ ಉಚಿತ ಪ್ರಾಕ್ಸಿಯ ಮೂಲಕ ಬ್ಯಾಂಕ್ ವ್ಯವಹಾರ ಅಥವಾ ಪರೀಕ್ಷೆಯ ಅರ್ಜಿ ತುಂಬುವುದು, ಅಪರಿಚಿತನಿಗೆ ವಟಮುಖತ್ಯಾರ ಬರೆದುಕೊಟ್ಟಂತೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನಗಳು ವಿಪಿಎನ್ ಸೇವಾದಾರರು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿಡಬೇಕೆಂದು ವಿಧಿಸಿ, ಕೆಫೆಗಳಿಗೆ ಹಿಂದೆ ಹೊರಿಸಿದ್ದ ಹೊಣೆಯಂಥದನ್ನು ಇವರ ಮೇಲೂ ಹೊರಿಸಿದವು.

ತಾಂತ್ರಿಕವಾಗಿ ಪ್ರಾಕ್ಸಿಯು ಉಳಿದುಕೊಂಡೇ ಬಳಕೆದಾರರ ಕಣ್ಣಿಗೆ ಕಾಣದಂತಾಗುವ ದಿಕ್ಕಿನಲ್ಲಿ ಸಾಗಿದೆ. 2021ರಲ್ಲಿ ಮಾನಕವಾದ ಕ್ವಿಕ್ ಶಿಷ್ಟಾಚಾರವು ಯುಡಿಪಿಯ ಮೇಲೆ ನಡೆಯುವುದರಿಂದ ಹಳೆಯ ವೆಬ್ ಪ್ರಾಕ್ಸಿಗಳು ಅದನ್ನು ಸಾಗಿಸಲಾರವು. 2022ರ ಆರ್‌ಎಫ್‌ಸಿ 9298 ಅದಕ್ಕೂ ಮಾರ್ಗ ಕಲ್ಪಿಸಿತು. ಬ್ರೌಸರಿನಲ್ಲಿ ನಾಲ್ಕು ಅಂಕಿಗಳನ್ನು ಕೈಯಾರೆ ತುಂಬುತ್ತಿದ್ದ ಬಳಕೆದಾರರಿಗೆ ತಮ್ಮ ಪರವಾಗಿ ಯಾರು ನಿಂತಿದ್ದಾರೆಂದು ಕನಿಷ್ಠ ಪಕ್ಷ ಗೊತ್ತಿರುತ್ತಿತ್ತು. ಇಂದು ಒಂದು ಗುಂಡಿಯನ್ನು ಒತ್ತಿದರೆ ಇಡೀ ಫೋನಿನ ಸಂಚಾರ ಮತ್ತೊಬ್ಬರ ಕೈಗೆ ಹೋಗುತ್ತದೆ. ಅಳವಡಿಕೆ ಸುಲಭವಾದಷ್ಟೂ ಆ ಕೈ ಯಾರದೆಂದು ತಿಳಿದುಕೊಳ್ಳುವ ಹೊಣೆ ಬಳಕೆದಾರರ ಮೇಲೆ ಹೆಚ್ಚುತ್ತ ಬಂದಿದೆ.