ತಾನೇ ಓಡುವ ಗಾಡಿಯೂ ಷೇರು ಹಿಡಿದ ಜನರೂ

ಸಂತೆ ಮುಗಿಸಿಕೊಂಡು ಊರಿಗೆ ಮರಳುವ ರೈತ ಗಾಡಿಯ ಹುಲ್ಲಿನ ಮೇಲೆ ಮೈಚಾಚಿ ಗೊರಕೆ ಹೊಡೆಯುತ್ತಿದ್ದರೂ ಎತ್ತುಗಳು ದಾರಿ ತಪ್ಪದೆ ಕೊಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿದ್ದುವು. ಜಟಕಾದ ಮುದಿ ಕುದುರೆಗೂ ಆ ವಿದ್ಯೆ ತಿಳಿದಿತ್ತು. ಮೋಟಾರು ಬಂದು ವೇಗವನ್ನು ಕೊಟ್ಟಿತು. ಆ ನಿದ್ದೆಯನ್ನು ಕಿತ್ತುಕೊಂಡಿತು. ಕಳೆದುಕೊಂಡ ನಿದ್ದೆಯನ್ನು ಯಂತ್ರದಿಂದಲೇ ಮರಳಿ ಪಡೆಯಬೇಕೆಂಬ ಆಸೆ ಇಂದು ನಿನ್ನೆಯದಲ್ಲ. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು ನಾರ್ಮನ್ ಬೆಲ್ ಗೆಡ್ಡೀಸ್ ಎಂಬ ವಿನ್ಯಾಸಕಾರನಿಂದ 1960ರ ಅಮೆರಿಕದ ಮಾದರಿಯೊಂದನ್ನು ಮಾಡಿಸಿ ತೋರಿಸಿದರು. ಅದರ ಹೆದ್ದಾರಿಗಳಲ್ಲಿ ಕಾರುಗಳು ಚಾಲಕನ ಹಂಗಿಲ್ಲದೆ ಅಂತರವನ್ನು ಕಾಯ್ದುಕೊಂಡು ಸಾಗುತ್ತವೆಂದು ಕಲ್ಪಿಸಲಾಗಿತ್ತು. ಜನ ಉದ್ದದ ಸಾಲು ನಿಂತು ನೋಡಿದರು. ಆದರೆ ಅದು ಜಾತ್ರೆಯ ನೋಟ. ನೋಡಿ, ಬೆರಗಾಗಿ, ಮನೆಗೆ ಹೋಗಬಹುದಾಗಿತ್ತು. ಅಂಥ ನೋಟವೊಂದಕ್ಕೆ ಸಾಮಾನ್ಯ ಜನ ತಮ್ಮ ಉಳಿತಾಯದ ಹಣವನ್ನು ಕಟ್ಟಿ, ಅದು ನಿಜವಾಗುವ ತಾರೀಖಿಗಾಗಿ ವರ್ಷಗಟ್ಟಲೆ ವಾದ ಮಾಡಿದ ಕಥೆ ನಮ್ಮ ಕಾಲದ್ದು. ಟೆಸ್ಲಾ ಎಂಬ ವಿದ್ಯುತ್ ಕಾರಿನ ಕಂಪನಿಯ ಸಣ್ಣ ಷೇರುದಾರರ ಕಥೆ ಅದು.

ಕನ್ನಡ ಪಾಠ ಹೇಳುವವನಿಗೆ ಷೇರುಪೇಟೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನನ್ನು ಆ ಕಡೆಗೆ ಎಳೆದದ್ದು ಒಂದು ಸರ್ವನಾಮ. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ಶಿಷ್ಯನೊಬ್ಬ 2021ರ ಆರಂಭದಲ್ಲಿ ಸಿಕ್ಕಾಗ, “ಸಾರ್, ಹೋದ ವರ್ಷ ನಾವು ಹತ್ತಿರ ಹತ್ತಿರ ಐದು ಲಕ್ಷ ಕಾರು ಮಾರಿದೆವು” ಎಂದ. ಅವನು ಯಾವ ಕಾರನ್ನೂ ಮಾರಿದವನಲ್ಲ. ಅಮೆರಿಕದ ಪೇಟೆಯಲ್ಲಿ ಆ ಕಂಪನಿಯ ಹನ್ನೊಂದು ಷೇರು ಕೊಂಡಿದ್ದ, ಅಷ್ಟೆ. ಅದರ ಕಾರಿನಲ್ಲಿ ಒಮ್ಮೆ ಕುಳಿತವನೂ ಅಲ್ಲ. ಆ ಜನವರಿಯಲ್ಲಿ ಕಂಪನಿ ಬೆಂಗಳೂರಿನಲ್ಲಿ ತನ್ನ ಭಾರತೀಯ ಶಾಖೆಯನ್ನು ನೋಂದಾಯಿಸಿತಾದರೂ ಮುಂಬಯಿಯಲ್ಲಿ ಮೊದಲ ಮಾರಾಟ ಮಳಿಗೆ ತೆರೆದದ್ದು 2025ರ ಜುಲೈನಲ್ಲಿ. ಆದರೂ ಅವನ ಬಾಯಲ್ಲಿ ಬಂದದ್ದು ‘ನಾವು’. ಬ್ಯಾಂಕಿನಲ್ಲಿ ಹಣವಿಟ್ಟವರು ಹಾಗೆನ್ನುವುದಿಲ್ಲ. ಭಕ್ತರು ಎನ್ನುತ್ತಾರೆ, ಕ್ರಿಕೆಟ್ ನೋಡುವವರು ಎನ್ನುತ್ತಾರೆ.

ವಿದ್ಯುತ್ ಗಾಡಿಗೂ ಷೇರುಪೇಟೆಗೂ ಇರುವ ನಂಟು ಟೆಸ್ಲಾದಿಂದ ಆರಂಭವಾದುದಲ್ಲ. 1897ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಬ್ಯಾಟರಿಯ ಬಾಡಿಗೆ ಗಾಡಿಗಳು ಓಡತೊಡಗಿದುವು. ಫಿಲಡೆಲ್ಫಿಯಾದ ಮಾರಿಸ್ ಮತ್ತು ಸಾಲೊಮ್ ಎಂಬಿಬ್ಬರು ರೂಪಿಸಿದ ಗಾಡಿಗಳು ಅವು. ಬ್ಯಾಟರಿ ಉದ್ಯಮಿ ಐಸಾಕ್ ರೈಸ್ ಆ ವ್ಯವಹಾರವನ್ನು ಕೊಂಡು ‘ಎಲೆಕ್ಟ್ರಿಕ್ ವೆಹಿಕಲ್ ಕಂಪನಿ’ ಎಂದು ಹೆಸರಿಟ್ಟ. 1899ರಲ್ಲಿ ಟ್ರಾಮ್ ದೊರೆ ವಿಲಿಯಂ ವಿಟ್ನಿ ಅದಕ್ಕೆ ಕೈಹಾಕಿದ. ಅವರ ಆಲೋಚನೆ ಇಂದಿಗೂ ಹೊಸದೆನ್ನಿಸುವಂಥದು: ಕಾರನ್ನು ಗಿರಾಕಿಗೆ ಮಾರಬಾರದು, ಕಂಪನಿಯೇ ಸಾವಿರಾರು ಗಾಡಿಗಳನ್ನು ಊರೂರಲ್ಲಿ ಇಟ್ಟುಕೊಂಡು ಸವಾರಿಯನ್ನು ಮಾತ್ರ ಮಾರಬೇಕು. ಖಾಲಿಯಾದ ಬ್ಯಾಟರಿಯನ್ನು ಯಂತ್ರದಿಂದ ಎತ್ತಿ ಬೇರೊಂದನ್ನು ಕೂರಿಸುವ ಡಿಪೋ ಕೂಡ ಅವರಲ್ಲಿತ್ತು. ಷೇರು ಏರಿತು. 1899ರ ಕೊನೆಗೆ ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆ ಕಂಪನಿಯ ಸಾಲವೊಂದರ ಅವ್ಯವಹಾರವನ್ನು ಹೊರಗೆಳೆಯಿತು, ಷೇರು ಕುಸಿಯಿತು. ಸೀಸದ ಬ್ಯಾಟರಿಗಳು ಹೊಂಡಬಿದ್ದ ರಸ್ತೆಯ ಕುಲುಕಾಟ ತಾಳದೆ ಕೆಟ್ಟುವು. 1907ರಲ್ಲಿ ಕಂಪನಿ ದಿವಾಳಿಯೆದ್ದಿತು. ಅಂದಿನ ಸಣ್ಣ ಷೇರುದಾರ ಏನು ಯೋಚಿಸಿದ, ಯಾರೊಡನೆ ವಾದಿಸಿದ ಎಂಬುದಕ್ಕೆ ಚರಿತ್ರೆಯಲ್ಲಿ ಜಾಗವಿಲ್ಲ. ಒಳಗಿನವರಿಗೆ ಎಲ್ಲ ಗೊತ್ತಿತ್ತು. ಹೊರಗಿನವನಿಗೆ ಪತ್ರಿಕೆ ಬಂದ ದಿನ ಗೊತ್ತಾಯಿತು.

ಅಲ್ಲಿಂದ ಒಂದು ದೊಡ್ಡ ಹೆಜ್ಜೆ ಹಾಕೋಣ. 1956ರ ಜನವರಿಯಲ್ಲಿ ಫೋರ್ಡ್ ಕಂಪನಿ 64 ಡಾಲರ್ 50 ಸೆಂಟ್‌ನಂತೆ ಸಾರ್ವಜನಿಕರಿಗೆ ಷೇರು ಕೊಟ್ಟಾಗ ಸಣ್ಣ ಸಂಬಳದವರೂ ಮುಗಿಬಿದ್ದರು. ಅದಾದ ಮೇಲೆ ಅಮೆರಿಕದ ಕಾರು ಕಂಪನಿಯೊಂದು ಹಾಗೆ ಪೇಟೆಗೆ ಬಂದದ್ದು 2010ರ ಜೂನ್ 29ರಂದು. ಟೆಸ್ಲಾ, ಷೇರಿಗೆ 17 ಡಾಲರ್. ಮಾರ್ಟಿನ್ ಎಬರ್‌ಹಾರ್ಡ್, ಮಾರ್ಕ್ ಟಾರ್ಪೆನಿಂಗ್ ಎಂಬವರು 2003ರಲ್ಲಿ ಸ್ಥಾಪಿಸಿದ ಆ ಕಂಪನಿಗೆ ಎಲಾನ್ ಮಸ್ಕ್ ಮರುವರ್ಷ ಹಣ ಹಾಕಿ, 2008ರಲ್ಲಿ ಮುಖ್ಯಾಧಿಕಾರಿಯಾಗಿದ್ದ. ಫೋರ್ಡ್ ಷೇರು ಕೊಂಡವನು ಇದ್ದ ಕಾರ್ಖಾನೆಯನ್ನು ಕೊಂಡ. ಟೆಸ್ಲಾ ಷೇರು ಕೊಂಡವನು ಬರಲಿರುವ ಕಾಲವನ್ನು ಕೊಂಡ.

ಇತ್ತ ತಾನೇ ಓಡುವ ಗಾಡಿಯ ವಿದ್ಯೆ ಬೇರೆ ಅಂಗಳದಲ್ಲಿ ಬೆಳೆಯುತ್ತಿತ್ತು. 2004ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಪಂದ್ಯ ಏರ್ಪಡಿಸಿತು. ನೂರನಾಲ್ವತ್ತಕ್ಕೂ ಹೆಚ್ಚು ಮೈಲಿಯ ದಾರಿಯಲ್ಲಿ ಎಲ್ಲಕ್ಕೂ ಮುಂದೆ ಹೋದ ಗಾಡಿ ಏಳೂ ಚಿಲ್ಲರೆ ಮೈಲಿಗೆ ಕುಸಿದು ಕುಳಿತಿತು. ಮರುವರ್ಷವೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಾಡಿ 132 ಮೈಲಿಯ ದಾರಿಯನ್ನು ಮುಗಿಸಿ 20 ಲಕ್ಷ ಡಾಲರ್ ಗೆದ್ದಿತು. ಆ ತಂಡದ ನಾಯಕ ಸೆಬಾಸ್ಟಿಯನ್ ತ್ರೂನ್ 2009ರಲ್ಲಿ ಗೂಗಲ್‌ನಲ್ಲಿ ಆರಂಭಿಸಿದ ಕೆಲಸವೇ ಮುಂದೆ ‘ವೇಮೋ’ ಆಯಿತು. ಒಂದು ಪಂದ್ಯದಿಂದ ಮುಂದಿನ ಪಂದ್ಯಕ್ಕೆ ಏಳು ಮೈಲಿಯಿಂದ ನೂರ ಮೂವತ್ತೆರಡು ಮೈಲಿ! ಉಳಿದದ್ದೂ ಇದೇ ವೇಗದಲ್ಲಿ ಆಗುವುದೆಂದು ಯಾರಿಗಾದರೂ ತೋರೀತು. ಆದರೆ ಮರುಭೂಮಿಯಲ್ಲಿ ಚೆಂಡಿನ ಹಿಂದೆ ಓಡಿಬರುವ ಹುಡುಗನಿರುವುದಿಲ್ಲ.

2016ರ ಅಕ್ಟೋಬರಿನಲ್ಲಿ ಟೆಸ್ಲಾ ಒಂದು ಪ್ರಕಟಣೆ ಹೊರಡಿಸಿತು: ಇನ್ನು ಮುಂದೆ ತಯಾರಾಗುವ ಪ್ರತಿಯೊಂದು ಕಾರಿನಲ್ಲಿಯೂ ತಾನೇ ಪೂರ್ತಿ ಓಡಲು ಬೇಕಾದ ಯಂತ್ರಸಾಮಗ್ರಿ ಇರುತ್ತದೆ, ಉಳಿದದ್ದು ಸಾಫ್ಟ್‌ವೇರಿನ ಕೆಲಸ. 2017ರ ಕೊನೆಯೊಳಗೆ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಕಾರೊಂದು ತಾನಾಗಿ ಹೋಗುವುದೆಂದು ಮಸ್ಕ್ ಸಾರಿದ. 2017 ಕಳೆಯಿತು, ಆ ಪ್ರಯಾಣ ನಡೆಯಲಿಲ್ಲ. ಇಲ್ಲಿ ವ್ಯಾಕರಣದ ಮಾತೊಂದನ್ನು ಹೇಳದಿರಲಾರೆ. ನಮ್ಮ ಆಡುಮಾತಿನಲ್ಲಿ ‘ಕಾರು ತಾನೇ ಓಡುತ್ತದೆ’ ಎಂದರೆ ಈಗ ಓಡುತ್ತದೆ ಎಂದೂ ಆಯಿತು, ನಾಳೆ ಓಡುತ್ತದೆ ಎಂದೂ ಆಯಿತು. ವರ್ತಮಾನ ಭವಿಷ್ಯತ್ತುಗಳೆರಡಕ್ಕೂ ಒಂದೇ ರೂಪ. ಇಂಗ್ಲಿಷಿನಲ್ಲಿ ಆ ಸೌಕರ್ಯವಿಲ್ಲ. ಕಂಪನಿ ಅದನ್ನು ಒಂದು ಹೆಸರಿನಿಂದ ಒದಗಿಸಿಕೊಂಡಿತು: ‘ಫುಲ್ ಸೆಲ್ಫ್ ಡ್ರೈವಿಂಗ್’. ಸರಕಿನ ಹೆಸರು ವರ್ತಮಾನ, ಸರಕು ಭವಿಷ್ಯತ್. 2022ರಲ್ಲಿ ಅದರ ಬೆಲೆ 15,000 ಡಾಲರಿಗೆ ಮುಟ್ಟಿತ್ತು. 2024ರಲ್ಲಿ ಆ ಹೆಸರಿನ ಮುಂದೆ ‘ಮೇಲ್ವಿಚಾರಣೆ ಸಹಿತ’ ಎಂಬರ್ಥದ ಪದವೊಂದು ಸೇರಿತು. ಎಂಟು ವರ್ಷದ ವಾದವೆಲ್ಲ ಆ ಒಂದು ಪದದಲ್ಲಿದೆ.

ಆ ವಾದವನ್ನು ಮಾಡಿದವರು ಎಂಜಿನಿಯರುಗಳು ಮಾತ್ರವಲ್ಲ. ದಂತವೈದ್ಯರು, ಶಿಕ್ಷಕರು, ಲಾರಿ ಚಾಲಕರು, ನನ್ನ ಶಿಷ್ಯನಂಥವರು, ಎಲ್ಲರೂ ಯಂತ್ರದೃಷ್ಟಿಯ ಪಂಡಿತರಾದರು. ವೇಮೋದ ಗಾಡಿಗೆ ಕ್ಯಾಮೆರಾ, ರಾಡಾರ್‌ಗಳ ಜೊತೆಗೆ ಲೇಸರ್ ಬೆಳಕಿನಿಂದ ದೂರವನ್ನಳೆಯುವ ‘ಲೈಡಾರ್’ ಬೇಕು. ಮಸ್ಕ್ ಅದನ್ನು 2019ರಲ್ಲಿ ಮೂರ್ಖರ ಸಾಹಸವೆಂದು ಹಳಿದ. 2021ರಿಂದ ರಾಡಾರನ್ನೂ ಕೈಬಿಟ್ಟ. ಮನುಷ್ಯ ಎರಡೇ ಕಣ್ಣಿನಿಂದ ಓಡಿಸುವುದಿಲ್ಲವೇ, ಕಾರಿಗೆ ಎಂಟು ಕಣ್ಣಿದ್ದರೆ ಸಾಲದೇ ಎಂದು ಒಂದು ಪಕ್ಷ. ಕಣ್ಣು ಎಂಟಿದ್ದರೇನು, ಹಿಂದೆ ಮನುಷ್ಯನ ಮಿದುಳಿಲ್ಲವಲ್ಲ ಎಂದು ಇನ್ನೊಂದು ಪಕ್ಷ. ಲಕ್ಷಾಂತರ ಗಿರಾಕಿಗಳ ಕಾರುಗಳು ದಿನವೂ ರಸ್ತೆಯಿಂದ ಪಾಠ ಕಲಿಯುತ್ತವೆ, ಆ ಪಾಠದ ರಾಶಿ ಬೇರಾರಲ್ಲಿಯೂ ಇಲ್ಲ ಎಂಬುದು ತೇಜಿಯವರ ಬ್ರಹ್ಮಾಸ್ತ್ರ. ಮಂದಿಯವರೂ ಸುಮ್ಮನಿರಲಿಲ್ಲ. ಇವರು ತಮ್ಮಲ್ಲಿಲ್ಲದ ಷೇರನ್ನು ಕಡ ತಂದು ಮಾರಿ, ಬೆಲೆ ಇಳಿದ ಮೇಲೆ ಅಗ್ಗಕ್ಕೆ ಕೊಂಡು ಹಿಂತಿರುಗಿಸಿ ಲಾಭ ಕಾಣುವವರು. ಕಾರ್ಖಾನೆಯ ಹೊರಗೆ ನಿಂತ ಕಾರುಗಳನ್ನು ಮೇಲಿನಿಂದ ಚಿತ್ರ ತೆಗೆದು ಎಣಿಸಿದವರೂ ಅವರಲ್ಲಿದ್ದರು. 1899ರ ಷೇರುದಾರನಿಗೆ ಇಲ್ಲದಿದ್ದ ಕಣ್ಣು ಕಿವಿಗಳು ಇವರಿಗಿದ್ದುವು.

ಸಣ್ಣ ಷೇರುದಾರನಿಗೆ ನಾಲಗೆಯೂ ಬಂದ ದಿನವನ್ನು ಗುರುತಿಸಬಹುದು: 2018ರ ಮೇ 2. ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಲೆಕ್ಕವನ್ನೊಪ್ಪಿಸುವ ದೂರವಾಣಿ ಸಭೆಯಲ್ಲಿ ದೊಡ್ಡ ಬ್ಯಾಂಕುಗಳ ಪರಿಣತರು ಬಂಡವಾಳದ ವಿಷಯ ಕೇಳುತ್ತಿದ್ದರು. ಮಸ್ಕ್ ಬೇಸರದ ಪ್ರಶ್ನೆಗಳೆಂದು ಅವರ ಮಾತನ್ನು ತಡೆದು, ಯೂಟ್ಯೂಬಿನಲ್ಲಿ ಷೇರಿನ ವಿಚಾರ ಮಾತನಾಡುವ ತರುಣನೊಬ್ಬನ ಕಡೆ ತಿರುಗಿ ಅವನ ಪ್ರಶ್ನೆಗಳಿಗೆಲ್ಲ ಸಾವಧಾನವಾಗಿ ಉತ್ತರ ಕೊಟ್ಟ. ಮರುದಿನ ಷೇರು ಇಳಿಯಿತು. ಆದರೆ ಸಣ್ಣವರಿಗೆ ಅದು ಪಟ್ಟಾಭಿಷೇಕದ ದಿನ. ಉತ್ತರಗಳು ನಿಜವೋ ಅಲ್ಲವೋ, ಪ್ರಶ್ನೆಗೆ ಮರ್ಯಾದೆ ಸಿಕ್ಕಿತಲ್ಲ! ಈ ಮರ್ಯಾದೆಯ ಬೆಲೆಯನ್ನು ಅರ್ಥಶಾಸ್ತ್ರಜ್ಞರು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ನನಗೆ ತೋರುತ್ತದೆ.

2019ರ ಏಪ್ರಿಲ್ 22ರಂದು ಮಸ್ಕ್ ಮತ್ತೊಂದು ಮಾತು ಕೊಟ್ಟ. ಮರುವರ್ಷ ಹತ್ತು ಲಕ್ಷಕ್ಕೂ ಮೀರಿ ಚಾಲಕರಿಲ್ಲದ ಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ. ಮಾಲೀಕ ಮಲಗಿದ್ದಾಗ ಅವನ ಕಾರು ದುಡಿದು ಬರುತ್ತದೆ. ಪೇಟೆ ನಂಬಲಿಲ್ಲ, ಜೂನಿನ ಆರಂಭಕ್ಕೆ ಷೇರು ಸುಮಾರು 180 ಡಾಲರಿಗೆ ಇಳಿಯಿತು. 2020 ಬಂತು. ಟ್ಯಾಕ್ಸಿ ಒಂದೂ ಬರಲಿಲ್ಲ. ಷೇರು ಮಾತ್ರ ಆ ಒಂದೇ ವರ್ಷದಲ್ಲಿ ಎಂಟು ಪಟ್ಟಿಗೂ ಹೆಚ್ಚು ಏರಿತು. 2021ರ ಅಕ್ಟೋಬರಿನಲ್ಲಿ ಕಂಪನಿಯ ಬೆಲೆ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಶಾಂಘಾಯಿಯ ಕಾರ್ಖಾನೆ, ಸತತವಾಗಿ ಬಂದ ಲಾಭ, ಅಗ್ಗದ ಬಡ್ಡಿ, ಇವೆಲ್ಲ ಅದಕ್ಕೆ ಕಾರಣ. ಆದರೆ ನಂಬಿದವರು ಅದನ್ನು ತಮ್ಮ ನಂಬಿಕೆಗೆ ಬಿದ್ದ ಮುದ್ರೆಯೆಂದೇ ತಿಳಿದರು. ಟ್ಯಾಕ್ಸಿ ಬರುವುದಿಲ್ಲವೆಂದು ಸರಿಯಾಗಿ ಹೇಳಿದ ಮಂದಿಯವರು ಮನೆಮಠ ಕಳೆದುಕೊಂಡರು. ಬರುತ್ತದೆಂದು ತಪ್ಪಾಗಿ ಹೇಳಿದವರು ಸಾಲ ತೀರಿಸಿ ಮನೆ ಕಟ್ಟಿದರು. ಕೊಟ್ಟ ಮಾತು ತಪ್ಪಿಯೂ ನಂಬಿದವನಿಗೆ ಫಲ ಸಿಕ್ಕಿದರೆ, ಇನ್ನು ಮೇಲೆ ಮಾತಿನ ಸತ್ಯವನ್ನು ಪರೀಕ್ಷಿಸುವವರಾರು? ಈ ಇತಿಹಾಸದಲ್ಲಿ ನನ್ನನ್ನು ಕಾಡುವ ಗಂಟು ಇದು. 2021ರ ನವೆಂಬರಿನ ತುದಿಯಲ್ಲಿ ಕೊಂಡವನ ಹಣ 2023ರ ಜನವರಿಗೆ ಸುಮಾರು ಕಾಲುಭಾಗವಾಗಿ ಉಳಿದದ್ದೂ ಇದೇ ಕಥೆಯ ಮಾತೇ. ತಡವಾಗಿ ನಂಬಿದವರ ಹೆಸರು ಯಾವ ವಿಜಯಗಾಥೆಯಲ್ಲಿಯೂ ಬರುವುದಿಲ್ಲ.

ವಾದದಲ್ಲಿ ಮತ ಇಲ್ಲದವರೂ ಇದ್ದರು. 1899ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಟ್ರಾಮಿನಿಂದಿಳಿದವನೊಬ್ಬನಿಗೆ ವಿದ್ಯುತ್ ಟ್ಯಾಕ್ಸಿಯೊಂದು ಬಡಿದು, ಮೋಟಾರಿನಿಂದ ಸತ್ತ ಮೊದಲ ಅಮೆರಿಕನ್ ಪಾದಚಾರಿಯೆಂದು ಅವನು ದಾಖಲೆಯಾದ. 2016ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಟೆಸ್ಲಾದ ‘ಆಟೋಪೈಲಟ್’ ಅಡ್ಡಬಂದ ಲಾರಿಯ ಬಿಳಿಯ ಮೈಯನ್ನು ಗುರುತಿಸದೆ ಹೋಗಿ ಕಾರಿನಲ್ಲಿದ್ದವನು ತೀರಿಕೊಂಡ. 2018ರ ಮಾರ್ಚಿನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳ ಪ್ರಾಣ ತೆಗೆಯಿತು. ಮನುಷ್ಯ ಚಾಲಕರು ಕೊಲ್ಲುವವರ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದೆಂದು ಷೇರುದಾರರು ಹೇಳುತ್ತಿದ್ದರು. ನಿಜವೇ. ಆದರೆ ಹಾಗೆ ಹೇಳುವವನ ಕಿಸೆಯಲ್ಲಿ ಷೇರಿದ್ದಾಗ ನಿಜವೂ ಕೊಂಚ ಬಣ್ಣಗೆಡುತ್ತದೆ.

ಸಣ್ಣ ಷೇರುದಾರನ ಶಕ್ತಿ ಎರಡೂ ಕಡೆಗೆ ಕೊಯ್ಯಿತು. ಮಸ್ಕ್‌ನ 2018ರ ಸಂಭಾವನೆ, ಸುಮಾರು 5,600 ಕೋಟಿ ಡಾಲರಿನದು, ಅನ್ಯಾಯವೆಂದು ಡೆಲವೇರ್ ರಾಜ್ಯದ ನ್ಯಾಯಾಲಯಕ್ಕೆ ಹೋದವನ ಬಳಿ ಇದ್ದದ್ದು ಬರೀ ಒಂಬತ್ತು ಷೇರು. 2024ರ ಜನವರಿಯಲ್ಲಿ ಅವನೇ ಗೆದ್ದ. ಜೂನಿನಲ್ಲಿ ಉಳಿದ ಷೇರುದಾರರು ಅದೇ ಸಂಭಾವನೆಗೆ ಮತ್ತೆ ಒಪ್ಪಿಗೆ ಕೊಟ್ಟರು. 2025ರ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಉಳಿಸಿಕೊಟ್ಟಿತು.

ಟ್ಯಾಕ್ಸಿ ಬಂದದ್ದು 2025ರ ಜೂನ್ 22ರಂದು, ಟೆಕ್ಸಾಸಿನ ಆಸ್ಟಿನ್ ನಗರಕ್ಕೆ. ಕೆಲವೇ ಕಾರುಗಳು, ಮುಂದಿನ ಆಸನದಲ್ಲಿ ಕಾವಲಿಗೆ ಕಂಪನಿಯ ನೌಕರ, ಮೊದಲ ಸವಾರರು ಬಹುಮಟ್ಟಿಗೆ ಕರೆಸಿಕೊಂಡ ಅಭಿಮಾನಿಗಳು. ಆ ವೇಳೆಗೆ ವೇಮೋದ ಗಾಡಿಗಳು ಅದೇ ಊರೂ ಸೇರಿದಂತೆ ಹಲವು ನಗರಗಳಲ್ಲಿ ಚಾಲಕರ ಸ್ಥಾನ ಖಾಲಿಯಿಟ್ಟು ಬಾಡಿಗೆಗೆ ಓಡುತ್ತಿದ್ದುವು. ಆ ನವೆಂಬರ್ 6ರಂದು ಷೇರುದಾರರ ಮುಂದೆ ಇನ್ನೂ ದೊಡ್ಡ ಸಂಭಾವನೆಯ ಸೂಚನೆ ಬಂತು: ಹತ್ತು ವರ್ಷಗಳಲ್ಲಿ ಗುರಿಗಳನ್ನು ಮುಟ್ಟಿದರೆ ಮಸ್ಕ್‌ಗೆ ಒಂದು ಲಕ್ಷ ಕೋಟಿ ಡಾಲರಿನವರೆಗೆ ಬೆಲೆಬಾಳುವ ಷೇರು. ಗುರಿಗಳಲ್ಲಿ ಒಂದು, ಹತ್ತು ಲಕ್ಷ ಟ್ಯಾಕ್ಸಿ. 2019ರಲ್ಲಿ ‘ಮರುವರ್ಷ’ಕ್ಕೆಂದು ಹೇಳಿದ್ದ ಸಂಖ್ಯೆಯೇ ಅದು. ಮತ ಎಣಿಸಿದಾಗ ಶೇಕಡ 75ಕ್ಕೂ ಹೆಚ್ಚು ಪರವಾಗಿ ಬಿದ್ದಿದ್ದುವು.